ಒಂದೇ ವಾರ್ನಿಂಗು, ಎರಡು ಮದ್ದು

ಕಂಪೈಲರ್ ಕೊಡುವ ವಾರ್ನಿಂಗುಗಳನ್ನು ಯಾರು ಓದುತ್ತಾರೆ ಹೇಳಿ? ಪ್ರೋಗ್ರಾಂ ಓಡಿತಲ್ಲ, ಸಾಕು ಅನ್ನುವವರೇ ಹೆಚ್ಚು. ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್‌ನಲ್ಲಿ ಮಾತ್ರ ಈ ಉಡಾಫೆ ನಡೆಯುವುದಿಲ್ಲ. ಅಲ್ಲಿ ಎಡವಿದರೆ ಇಡೀ ಯಂತ್ರವೇ ಪರರ ಪಾಲು.

ಕೋಡನ್ನು ಓಡಿಸದೆ ಬರೀ ಓದಿ ತಪ್ಪು ಹುಡುಕುವ ಕೆಲಸ ಹಳೆಯದು. ಬೆಲ್ ಲ್ಯಾಬ್ಸಿನ ಸ್ಟೀಫನ್ ಜಾನ್ಸನ್ 1978ರಲ್ಲೇ ‘ಲಿಂಟ್’ ಬರೆದಿದ್ದರು. ನನಗೆ ದೊಡ್ಡ ತಿರುವು ಅನ್ನಿಸುವುದು 2001. ಸ್ಟ್ಯಾನ್‌ಫರ್ಡಿನ ಡಾಸನ್ ಎಂಗ್ಲರ್ ಮತ್ತು ಸಂಗಡಿಗರು ಲಿನಕ್ಸ್ ಕರ್ನಲ್ ಮುಂದಿಟ್ಟುಕೊಂಡು ಕೇಳಿದ್ದು ಸರಳ ಪ್ರಶ್ನೆ: ಇದನ್ನು ಬರೆದವನು ಏನನ್ನು ನಂಬಿದ್ದಾನೆ?

ಪಾಯಿಂಟರ್ ಅಂದರೆ ಮೆಮೊರಿಯ ವಿಳಾಸ ಬರೆದ ಚೀಟಿ ಅಂದುಕೊಳ್ಳಿ. ಚೀಟಿ ನೋಡಿ ಆ ಮನೆಯೊಳಗೆ ಹೋಗಿಯೂ ಆಯಿತು, ಮುಂದಿನ ಸಾಲಿನಲ್ಲಿ "ಚೀಟಿ ಖಾಲಿಯೇ?" ಅಂತ ಪರೀಕ್ಷೆ! ಎರಡೂ ನಂಬಿಕೆ ಒಟ್ಟಿಗೆ ಸರಿಯಾಗಲಾರವು. ಎಲ್ಲೋ ತಪ್ಪಿದೆ ಅಂತ ಟೂಲ್ ಹೇಳಬಲ್ಲದು, ಯಾವುದು ತಪ್ಪು ಅಂತ ಹೇಳಲಾರದು. ಪರೀಕ್ಷೆ ಬೇಡದ್ದಾದರೆ ಅದನ್ನು ಅಳಿಸಬೇಕು. ಬೇಕಾದದ್ದಾದರೆ ಅದು ಮೊದಲೇ ಆಗಬೇಕು.

ಇದೆಲ್ಲ ಪಂಡಿತರ ಚರ್ಚೆ ಅನ್ನುವವರಿಗೆ 2009ರ ಕಥೆ ಹೇಳಬೇಕು. ಲಿನಕ್ಸ್ 2.6.30ರಲ್ಲಿ ‘ಟನ್’ ಎಂಬ ನೆಟ್‌ವರ್ಕ್ ಡ್ರೈವರಿಗೆ ಪಾಯಿಂಟರ್ ಬಳಸುವ ಒಂದು ಸಾಲು ಸೇರಿತ್ತು, ನಲ್ ಪರೀಕ್ಷೆಗಿಂತ ಮೇಲೆ. ಜಿಸಿಸಿ ಕಂಪೈಲರ್ ತರ್ಕ ಮಾಡಿತು: ಆಗಲೇ ಬಳಸಿದ್ದಾರೆ, ಅಂದಮೇಲೆ ಖಾಲಿ ಇರಲಾರದು, ಪರೀಕ್ಷೆ ಯಾಕೆ? ತೆಗೆದೇಬಿಟ್ಟಿತು! ಬರೆದ ಕೋಡಿನಲ್ಲಿ ಕಾವಲುಗಾರ ಇದ್ದಾನೆ, ಓಡುವ ಕರ್ನಲ್‌ನಲ್ಲಿ ಇಲ್ಲ. ಸಾಮಾನ್ಯ ಬಳಕೆದಾರ ಇದೇ ಬಿರುಕಿನಿಂದ ರೂಟ್ ಆಗಬಹುದು ಅಂತ ಜುಲೈನಲ್ಲಿ ಬ್ರಾಡ್ ಸ್ಪೆಂಗ್ಲರ್ ಮಾಡಿ ತೋರಿಸಿದರು. ರಿಪೇರಿ ಏನು ಗೊತ್ತೇ? ಆ ಸಾಲನ್ನು ಪರೀಕ್ಷೆಯ ಕೆಳಗೆ ಇಳಿಸಿದ್ದು. ಮುಂದೆ ಇಂಥ ಪರೀಕ್ಷೆ ಅಳಿಸಬೇಡ ಅಂತ ಕಂಪೈಲರಿಗೂ ತಾಕೀತಾಯಿತು.

ಹಾಗಂತ ಎಲ್ಲ ವಾರ್ನಿಂಗೂ ನಿಜವಲ್ಲ. ನಮ್ಮ ಶಹಾಪುರದ ಬೆಟ್ಟ ದೂರದ ಒಂದು ಕೋನದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಬರೀ ಗುಡ್ಡಗಳು. ಟೂಲ್‌ಗೂ ನಿಂತ ಜಾಗದಿಂದ ಕಂಡದ್ದೇ ಆಕಾರ. ಬೆಲೆ ಕೊಡದೆ ವೇರಿಯೇಬಲ್ ಬಳಸಿದ್ದೀರಿ ಅಂತ ಜಿಸಿಸಿ ಸುಳ್ಳೇ ಗೊಣಗುತ್ತದೆಂದು, 2007ರಲ್ಲಿ ಅದರ ಬಾಯಿ ಮುಚ್ಚಿಸಲು ಕರ್ನಲ್‌ಗೆ ಒಂದು ಮ್ಯಾಕ್ರೋ ಸೇರಿಸಿದರು. ಅದರ ಮರೆಯಲ್ಲಿ ನಿಜವಾದ ತಪ್ಪುಗಳೂ ಅಡಗುತ್ತವೆ ಅಂತ 2020ರಲ್ಲಿ ಕೀಸ್ ಕುಕ್ ಅದನ್ನು ಕಿತ್ತರು. ತಮಾಷೆ ನೋಡಿ, ಅದೇ ವರ್ಷ ಲಿನಸ್ ಟೊರ್ವಾಲ್ಡ್ಸ್ ಆ ಜಾತಿಯ ಇನ್ನೊಂದು ವಾರ್ನಿಂಗನ್ನು ಗದ್ದಲ ತಾಳಲಾರದೆ ಡೀಫಾಲ್ಟಾಗಿ ಆಫ್ ಮಾಡಿದರು! ಇಬ್ಬರದೂ ಸರಿ ಅಂತ ನನ್ನ ಅನಿಸಿಕೆ.

ಬೆಂಗಳೂರಿನ ಐಐಎಸ್‌ಸಿಯಲ್ಲೂ ಈ ಕೆಲಸ ನಡೆದಿದೆ. ನಿಕಿತಾ ಚೋಪ್ರಾ, ರೇಖಾ ಪೈ, ದೀಪಕ್ ಡಿಸೋಜ 2019ರಲ್ಲಿ ಫ್ರೀಆರ್‌ಟಿಓಎಸ್ ಎಂಬ ಪುಟ್ಟ ಸಾಧನಗಳ ಕರ್ನಲ್‌ನಲ್ಲಿ ಡೇಟಾ ರೇಸ್ ಹುಡುಕಿದರು. ಅಲ್ಲಿ ಇಂಟರಪ್ಟ್ ತಡೆಯುವುದು, ಶೆಡ್ಯೂಲರ್ ನಿಲ್ಲಿಸುವುದು ಇವೇ ಬೀಗಗಳು. ಮಾಮೂಲಿ ಬೀಗವನ್ನಷ್ಟೇ ಬಲ್ಲ ಟೂಲ್ ಕಂಡಲ್ಲೆಲ್ಲ ಕಳ್ಳ ಅಂತ ಕೂಗೀತು. ಅದಕ್ಕೇ ಅವರು ಮೊದಲು ಆ ಕರ್ನಲ್‌ನ ರೂಢಿಗಳನ್ನೇ ಗಣಿತಕ್ಕೆ ಇಳಿಸಿ, ಆಮೇಲೆ ಹುಡುಕಲು ಹೊರಟರು.