ಗೌಡ ಹೋದ, ಅಮಲ್ದಾರ ಬಂದ

ಶನಿವಾರ ಬೆಳಗಿನ ಜಾವ ನಾಲ್ಕಕ್ಕೇ ಬೈಕ್ ಹತ್ತಿ ನಂದಿಬೆಟ್ಟಕ್ಕೆ ಹೋಗಿ, ಮೋಡದ ಮುಂದೆ ಸೆಲ್ಫಿ ತಗೊಂಡು ಬಂದವರು ನೀವೂ ಇರಬಹುದು. ಅಲ್ಲಿನ ಕೋಟೆ ಅಂದ್ರೆ ಎಲ್ಲರಿಗೂ ಟಿಪ್ಪು ನೆನಪಾಗ್ತಾನೆ. ಅವನಪ್ಪ ಹೈದರನ ಕೈಗೆ ಬರೋ ಮುಂಚೆ ಅದು ಚಿಕ್ಕಬಳ್ಳಾಪುರದ ಪಾಳೇಗಾರರ ಆಸರೆಯಾಗಿತ್ತು.

ಏರ್‌ಪೋರ್ಟ್ ದಾಟಿ ದೇವನಹಳ್ಳಿಯಿಂದ ಮುಂದಕ್ಕೆ ಹೋದರೆ ಆವತಿ ಅನ್ನೋ ಊರು ಸಿಗುತ್ತೆ. ಅಲ್ಲಿ ಬಂದು ನೆಲೆಸಿದ ಮೊರಸು ಒಕ್ಕಲಿಗರ ಮನೆತನದ ಕವಲುಗಳೇ ದೇವನಹಳ್ಳಿ, ಚಿಕ್ಕಬಳ್ಳಾಪುರ ಆಳಿದ್ದು. ವಿಜಯನಗರ ಇರೋತನಕ ಅದಕ್ಕೆ ಕಪ್ಪ, ಆಮೇಲೆ ಯಾರ ಕೈ ಮೇಲೋ ಅವರಿಗೆ. ಊರಿನವರ ಪಾಲಿಗೆ ಮಾತ್ರ ದೊರೆ ಅಂದ್ರೆ ಈ ಗೌಡರೇ.

ಫ್ರಾನ್ಸಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. 987ರಲ್ಲಿ ಹ್ಯೂ ಕಪೆ ರಾಜನಾದ ನಿಜ, ಆದರೆ ಪ್ಯಾರಿಸ್ ಸುತ್ತಮುತ್ತ ಬಿಟ್ಟರೆ ಅವನ ಮಾತು ಹೆಚ್ಚು ನಡೀತಿರಲಿಲ್ಲ. ನೂರಿಪ್ಪತ್ತು ವರ್ಷ ಕಳೆದ ಮೇಲೂ ಆರನೇ ಲೂಯಿ ಲೆ ಪ್ಯುಯಿಸೆ ಅನ್ನೋ ಒಂದು ಕೋಟೆಗೆ ಮೂರು ಸಲ ಮುತ್ತಿಗೆ ಹಾಕಬೇಕಾಯ್ತು. ಅವನ ಮೊಮ್ಮಗ ಎರಡನೇ ಫಿಲಿಪ್ ಯುದ್ಧದ ಜೊತೆಗೆ ಇನ್ನೊಂದು ಕೆಲಸ ಮಾಡಿದ. ಸಂಬಳದ ಅಧಿಕಾರಿಗಳನ್ನ ನೇಮಿಸಿದ. ಅಪ್ಪನಿಂದ ಮಗನಿಗೆ ಹೋಗೋ ಹುದ್ದೆ ಅಲ್ಲ ಅದು. ಪ್ಯಾರಿಸ್ಸಿಗೆ ಲೆಕ್ಕ ಒಪ್ಪಿಸಬೇಕು, ರಾಜ ಬೇಡ ಅಂದ್ರೆ ಎದ್ದು ಹೋಗಬೇಕು.

ಮೈಸೂರಲ್ಲಿ ಇದಕ್ಕೆ ತಳಪಾಯ ಹಾಕಿದ್ದು ಚಿಕ್ಕದೇವರಾಜ ಒಡೆಯರು (1673–1704), 18 ಇಲಾಖೆಗಳ ಅಠಾರಾ ಕಚೇರಿ ಮಾಡಿ. 1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿತು. ಹೈದರ್ ಹೆಸರು ಮಾಡಿದ್ದೇ ಅಲ್ಲಿ. 1762ರ ಹೊತ್ತಿಗೆ ಅವನು ಚಿಕ್ಕಬಳ್ಳಾಪುರಕ್ಕೆ ಬಂದಾಗ ಪಾಳೇಗಾರ ಗುತ್ತಿಯ ಮುರಾರಿರಾಯನ ನೆರವು ಕೇಳಿದ, ನಂದಿಬೆಟ್ಟ ಹತ್ತಿದ. ಏನೂ ದಕ್ಕಲಿಲ್ಲ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ನಂದಿ ಗೆದ್ದಾಗ ಆ ಮನೆತನಕ್ಕೆ ಚಿಕ್ಕಬಳ್ಳಾಪುರ ವಾಪಸ್ ಸಿಕ್ಕಿತ್ತು. ಶ್ರೀರಂಗಪಟ್ಟಣದ ಒಪ್ಪಂದ ಆಗಿದ್ದೇ ತಡ, ಮತ್ತೆ ಟಿಪ್ಪು ಪಾಲು. 1799ರಲ್ಲಿ ಒಡೆಯರು ವಾಪಸ್ ಬಂದರು, ಪಾಳೇಗಾರರು ಬರಲಿಲ್ಲ. ಕಂದಾಯ ಅಮಲ್ದಾರನ ಕೈಲೇ ಉಳೀತು.

ಪಾಳೇಗಾರರೇನು ಸತ್ಯಹರಿಶ್ಚಂದ್ರರಲ್ಲ ಬಿಡಿ, ಪಕ್ಕದೂರಿನ ದನ ಹೊಡ್ಕೊಂಡು ಬಂದವರೂ ಅವರಲ್ಲಿದ್ದರು. ಆದರೆ ಗುಡಿಬಂಡೆ ಬೈರೇಗೌಡನ ಹೆಸರು ಹೊತ್ತ ಬೈರಸಾಗರ ಇವತ್ತಿಗೂ ಇದೆ. ಮಕ್ಕಳು ಮೊಮ್ಮಕ್ಕಳೂ ಇದೇ ಊರಲ್ಲಿ ಆಳಬೇಕು ಅಂದ್ಕೊಂಡವನು ಕೆರೆ ಕಟ್ಟಿಸ್ತಾನೆ. ವರ್ಗ ಆಗಿ ಹೋಗೋ ಅಮಲ್ದಾರನಿಗೆ ಆ ದರ್ದು ಎಲ್ಲಿರುತ್ತೆ?

ನಮ್ಮಜ್ಜಿ ಕೊನೇತನಕ ತಾಲ್ಲೂಕಾಫೀಸಿಗೆ ಅಮಲ್ದಾರ್ ಕಚೇರಿ ಅಂತಲೇ ಅಂತಿದ್ರು. ಪಹಣಿಯಲ್ಲಿ ತಪ್ಪಾಗಿದ್ದ ಹೆಸರು ತಿದ್ದಿಸೋಕೆ ಅಪ್ಪ ಅಲ್ಲಿಗೆ ಎರಡು ವರ್ಷ ಅಲೆದ್ರು. ಅಷ್ಟರಲ್ಲಿ ಮೂರು ಜನ ಸಾಹೇಬರು ವರ್ಗವಾದರು. ಒಂದಿನ ಅಪ್ಪ ಮತ್ತೆ ಬರಿಗೈಲಿ ಬಂದಾಗ ಅಜ್ಜಿ ಕೇಳಿದ್ರು, ‘ಈ ಸಲ ಯಾವೂರೋನಂತೋ?’