ನದಿಯಾಚೆಯ ಅಹಮದಾಬಾದ್

ಕರ್ನಾಟಕದ ಕಾಲೇಜುಗಳಿಂದ ಆರ್ಕಿಟೆಕ್ಚರ್ ಓದುವ ಮಕ್ಕಳು ನಮ್ಮೂರಿಗೆ ಅಧ್ಯಯನ ಪ್ರವಾಸ ಬರುವುದು ಹೊಸದೇನಲ್ಲ. ನೋಡಬೇಕಾದ್ದರ ಪಟ್ಟಿ ಅವರ ಕೈಯಲ್ಲಿ ಮೊದಲೇ ಇರುತ್ತದೆ: ಲೂಯಿ ಕಾನ್ ವಿನ್ಯಾಸದ ಐಐಎಂ, ಲ ಕಾರ್ಬೂಸಿಯೇ ರೂಪಿಸಿದ ಮಿಲ್ ಮಾಲೀಕರ ಸಂಘದ ಕಟ್ಟಡ, ಬಿ.ವಿ. ದೋಶಿಯವರ ಸಂಗಾತ್. ಇವೆಲ್ಲ ಸಾಬರಮತಿಯ ಪಶ್ಚಿಮಕ್ಕಿವೆ. ಈ ಸಲ ಇಲ್ಲಿನ ನಮ್ಮ ಕನ್ನಡಿಗರ ಸಂಘದ ಊಟಕ್ಕೆ ಬಂದ ತಂಡವನ್ನು ನಾವು ಕೆಲವರು ಹಠ ಮಾಡಿ ನದಿ ದಾಟಿಸಿ ಹಳೇ ಊರಿಗೆ ಕರೆದುಕೊಂಡು ಹೋದೆವು.

1411ರಲ್ಲಿ ಸುಲ್ತಾನ್ ಅಹಮದ್ ಶಾ ಸ್ಥಾಪಿಸಿದ ಈ ಊರಿಗೆ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರವೆಂಬ ಮಾನ್ಯತೆ ಸಿಕ್ಕಿತು. ಭಾರತದಲ್ಲಿ ಅದು ಸಿಕ್ಕ ಮೊದಲ ನಗರ ಇದೇ. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿವರೆಗೆ ಮಹಾನಗರಪಾಲಿಕೆ 1997ರಿಂದ ನಡೆಸುತ್ತಿರುವ ಹೆರಿಟೇಜ್ ವಾಕ್‌ನ ದಾರಿಯನ್ನೇ ನಾವೂ ಹಿಡಿದೆವು.

ದಾರಿಯುದ್ದಕ್ಕೂ ಪೋಳ್‌ಗಳು. ಒಂದು ಹೆಬ್ಬಾಗಿಲು, ಒಳಗೆ ಕವಲೊಡೆದ ಓಣಿಗಳು, ಗೋಡೆಗೆ ಗೋಡೆ ತಾಗಿದ ಮನೆಗಳು, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ. ಮನೆಮುಂದಿನ ಓಟ್ಲೊ ಅಂದರೆ ನಮ್ಮ ಜಗಲಿಯೇ. ಒಳಗೆ ತೊಟ್ಟಿಮನೆಯ ಅಂಗಳದಂಥ ಚೌಕ. ಅದರಡಿ ಟಾಂಕಾ, ಮಾಳಿಗೆಯ ಮಳೆನೀರು ಬಂದು ಸೇರುವ ನೆಲದಡಿಯ ತೊಟ್ಟಿ. ಒಬ್ಬ ಅಜ್ಜಿ ಮುಚ್ಚಳ ಸರಿಸಿ ತೋರಿಸಿದರು. ಒಳಗೆ ಕತ್ತಲು, ತಣ್ಣನೆಯ ಗಾಳಿ. ಒಬ್ಬ ಹುಡುಗ ಟೇಪು ಇಳಿಬಿಟ್ಟು ಆಳ ಅಳೆಯಲು ಹೋದ. “ಬೇಟಾ, ಮೊದಲು ಚಪ್ಪಲಿ ಬಿಡು” ಅಂದರು ಅಜ್ಜಿ. ಅದು ಕುಡಿಯುವ ನೀರಿನ ಜಾಗ.

ಈ ನೀರಿನ ಮೇಲಿನ ಅಭಿಮಾನ ಸಣ್ಣದಲ್ಲ. 1861ರಲ್ಲಿ ಇಲ್ಲಿನ ಮೊದಲ ಬಟ್ಟೆ ಗಿರಣಿ ಶುರುಮಾಡಿದ ರಣಛೋಡಲಾಲ್ ಛೋಟಾಲಾಲ್ ಮುಂದೆ ಪುರಸಭೆಯ ಅಧ್ಯಕ್ಷರಾಗಿ ನಲ್ಲಿ ನೀರು, ಒಳಚರಂಡಿ ತರಲು ಹೊರಟಾಗ ಹೆಚ್ಚು ವಿರೋಧಿಸಿದ್ದು ಊರಿನವರೇ. ಟಾಂಕಾ ಇರುವಾಗ ಕೊಳವೆ ನೀರು ಯಾಕೆ ಎಂಬ ಮಾತಿನ ಜೊತೆಗೆ ತೆರಿಗೆಯ ಭಯವೂ ಇತ್ತು. ಟಾಂಕಾ ಇಲ್ಲದ ಬಡವರ ಮಾತು ಕೇಳಿದವರು ಕಡಿಮೆ.

ಮಕ್ಕಳಿಗೆ ಬಲು ಹಿಡಿಸಿದ್ದು ಗೋಡೆ. ಇಟ್ಟಿಗೆ ಸಾಲುಗಳ ನಡುವೆ ಅಡ್ಡಡ್ಡ ಮರದ ತೊಲೆ ಕೂರಿಸಿ ಇಡೀ ಮನೆಯನ್ನು ಬಿಗಿದ ಕೆಲಸ. ಭೂಮಿ ಕಂಪಿಸಿದರೆ ಇಂಥ ಮನೆ ತುಸು ಓಲಾಡಿ ಹೊಡೆತವನ್ನು ಹೀರಿಕೊಳ್ಳುತ್ತದೆ. 2001ರ ಭೂಕಂಪದಲ್ಲಿ ಈ ನಗರದಲ್ಲಿ ಕುಸಿದು ಜನರನ್ನು ಬಲಿ ತೆಗೆದುಕೊಂಡದ್ದು ಮುಖ್ಯವಾಗಿ ಹೊಸ ಕಾಂಕ್ರೀಟ್ ಬಹುಮಹಡಿಗಳು. ತಂಡದ ಜೊತೆ ಬಂದಿದ್ದ ಮೇಷ್ಟ್ರು ಇದನ್ನೇ ಅರ್ಧ ಗಂಟೆ ವಿವರಿಸಿದರು, ಪಾಪ, ದಾರಿಯಲ್ಲಿ ಸ್ಕೂಟರ್‌ನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ಆಗ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: “ಸರ್, ಈ ಓಣಿ ಗುಡಿಸುತ್ತಿದ್ದವರು ಎಲ್ಲಿರ್ತಿದ್ರು?”

ನನ್ನ ಮಟ್ಟಿಗೆ ಅವತ್ತು ಕೇಳಿದ್ದರಲ್ಲಿ ಅಸಲಿ ಪ್ರಶ್ನೆ ಅದು. ಪೋಳ್‌ನ ಹೆಬ್ಬಾಗಿಲು ಗಲಭೆಯ ದಿನಗಳಲ್ಲಿ ಒಳಗಿದ್ದವರನ್ನು ಕಾಯುತ್ತಿತ್ತು ನಿಜ. ಆದರೆ ಒಳಗೆ ಯಾರಿರಬೇಕೆಂದು ತೀರ್ಮಾನಿಸುತ್ತಿದ್ದುದು ಹೆಚ್ಚಾಗಿ ಜಾತಿ, ಧರ್ಮ, ಕಸುಬು. ಮನೆ ಮಾರುವಾಗಲೂ ಪೋಳ್‌ನ ಪಂಚರ ಮಾತು ನಡೆಯುತ್ತಿತ್ತು. ವ್ಯಾಪಾರಕ್ಕೆ ಮಹಾಜನ ಎಂಬ ವರ್ತಕರ ಕೂಟಗಳಿದ್ದವು, ಅವುಗಳ ಮೇಲೆ ಊರಿನ ಮುಖ್ಯ ವರ್ತಕನಾದ ನಗರಶೇಠ್. 1725ರಲ್ಲಿ ಮರಾಠರು ಊರನ್ನು ಲೂಟಿ ಮಾಡಲು ಬಂದಾಗ ನಗರಶೇಠ್ ಖುಶಾಲಚಂದ್ ಸ್ವಂತ ಹಣ ಕೊಟ್ಟು ಉಳಿಸಿದರು. ಪೋಳ್, ಮಹಾಜನಗಳ ಈ ಒಗ್ಗಟ್ಟು ಮೆಚ್ಚುವಂಥದ್ದೇ, ಎಲ್ಲರನ್ನೂ ಒಳಗೊಂಡದ್ದಲ್ಲ ಅಷ್ಟೆ.

ಗಿರಣಿಗಳು ಬಂದ ಮೇಲೂ ಜಾತಿಯ ಗೋಡೆ ಬೀಳಲಿಲ್ಲ. ಲಾಳಿಯಲ್ಲಿ ಹೊಸ ಎಳೆ ಪೋಣಿಸಲು ನೇಕಾರರು ಬಾಯಿಂದ ನೂಲನ್ನು ಹೀರಿ ಎಳೆಯಬೇಕಿತ್ತು. ದಲಿತರ ಬಾಯಿ ತಾಗಿದ ಲಾಳಿ ಮುಟ್ಟಲು ಉಳಿದವರು ಒಪ್ಪಲಿಲ್ಲ. ಹಾಗಾಗಿ ಕೂಲಿ ಹೆಚ್ಚಿದ್ದ ನೇಯ್ಗೆ ವಿಭಾಗ ದಲಿತರ ಕೈಗೆಟುಕದೆ, ಅವರು ನೂಲುವ ವಿಭಾಗದಲ್ಲೇ ಉಳಿದರು. ಅವರ ವಾಸ ಹಳೇ ಊರಿನ ಕೋಟೆಯ ಹೊರಗೆ, ಗೋಮತಿಪುರ, ಸರಸಪುರದ ಚಾಲಿಗಳಲ್ಲಿ: ಸಾಲು ಕೋಣೆಗಳು, ಎಲ್ಲರಿಗೂ ಒಂದೇ ನಲ್ಲಿ. ಯಾವ ಹೆರಿಟೇಜ್ ಪಟ್ಟಿಯಲ್ಲೂ ಇವುಗಳಿಗೆ ಪೋಳ್‌ಗಳಷ್ಟು ಮಾನವಿಲ್ಲ.

ಮೇಷ್ಟ್ರಿಗೆ ಹೇಳಿದ್ದೇನೆ: ಮುಂದಿನ ವರ್ಷದ ತಂಡಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಗೋಮತಿಪುರದ ಚಾಲಿಗಳನ್ನೂ ಅಳೆಯೋಣ. ಜೊತೆಗೆ ಬರಲು ಇಷ್ಟವಿರುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಡಿ.