ಕೃಷ್ಣಮೃಗದ ಬೆನ್ನುಮೂಳೆ

ಕೃಷ್ಣಮೃಗದ ಬೆನ್ನುಮೂಳೆಯು ತಲೆಬುರುಡೆಯ ಹಿಂಬದಿಯಿಂದ ಬಾಲದ ತುದಿಯವರೆಗೆ ಸಾಲಾಗಿ ಜೋಡಣೆಗೊಂಡಿರುವ ಕಶೇರುಮಣಿಗಳ ರಚನೆಯಾಗಿದೆ. ಕೃಷ್ಣಮೃಗವು (ವೈಜ್ಞಾನಿಕ ಹೆಸರು: ಆಂಟಿಲೋಪ್ ಸರ್ವಿಕಾಪ್ರ) ಭಾರತದ ಬಯಲು ಹುಲ್ಲುಗಾವಲುಗಳಲ್ಲಿ ವಾಸಿಸುವ ಹುಲ್ಲೆಯ ಜಾತಿಗೆ ಸೇರಿದ ಪ್ರಾಣಿ. ಉತ್ತರ ಕರ್ನಾಟಕದಲ್ಲಿ ಇದನ್ನು ಚಿಗರಿ ಎಂದು ಕರೆಯುತ್ತಾರೆ. ಆಡುಮಾತಿನಲ್ಲಿ ಜಿಂಕೆ ಎಂದೂ ಹೇಳುವುದುಂಟು. ಆದರೆ ಜಿಂಕೆಗಳ ಕೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತದೆ, ಕೃಷ್ಣಮೃಗದ ಕೊಂಬು ಉದುರುವುದಿಲ್ಲ. ದೇಹರಚನೆಯಲ್ಲಿ ಇದು ಆಡು, ಕುರಿ, ಹಸುಗಳ ಕುಟುಂಬಕ್ಕೆ ಸೇರಿದೆ. ಬೆನ್ನುಮೂಳೆಯ ರಚನೆಯಲ್ಲಿಯೂ ಈ ಬಳಗದ ಹೋಲಿಕೆ ಸ್ಪಷ್ಟವಾಗಿ ಕಾಣುತ್ತದೆ.

ಕಶೇರುಮಣಿಗಳ ಸಂಖ್ಯೆ

ಕತ್ತಿನಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 6 ಕಶೇರುಮಣಿಗಳಿರುತ್ತವೆ. ಅವುಗಳ ಹಿಂದೆ ಸಾಮಾನ್ಯವಾಗಿ 4 ಅಥವಾ 5 ಮಣಿಗಳು ಒಂದಾಗಿ ಬೆಸೆದು ತ್ರಿಕಾಸ್ಥಿಯಾಗಿವೆ. ಬಾಲದ ಮಣಿಗಳು ಚಿಕ್ಕವು. ಅವುಗಳ ಸಂಖ್ಯೆ ಒಂದೊಂದು ಪ್ರಾಣಿಯಲ್ಲಿ ತುಸು ಬೇರೆಯಾಗಬಹುದು. ಕತ್ತು ಎಷ್ಟೇ ನೀಳವಾಗಿದ್ದರೂ ಅದರಲ್ಲಿ ಏಳೇ ಮಣಿಗಳಿರುವುದು ಬಹುತೇಕ ಎಲ್ಲ ಸಸ್ತನಿಗಳ ಲಕ್ಷಣ. ಜಿರಾಫೆಗೂ ಮನುಷ್ಯನಿಗೂ ಇರುವುದು ಏಳೇ.

ಕತ್ತು

ಮೊದಲನೆಯ ಮಣಿಗೆ ಅಟ್ಲಾಸ್ ಎಂದು ಹೆಸರು. ಇದು ಉಂಗುರದಂತಿದ್ದು, ಎರಡೂ ಪಕ್ಕಗಳಲ್ಲಿ ರೆಕ್ಕೆಯಂತಹ ಅಗಲವಾದ ಚಾಚುಗಳನ್ನು ಹೊಂದಿದೆ. ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು ತಲೆಬುರುಡೆ ಮತ್ತು ಅಟ್ಲಾಸ್ ಕೂಡುವ ಕೀಲಿನಲ್ಲಿ; ಪಕ್ಕಕ್ಕೆ ತಿರುಗಿಸುವುದು ಅಟ್ಲಾಸ್ ಮತ್ತು ಅದರ ಹಿಂದಿರುವ ಎರಡನೆಯ ಮಣಿಯಾದ ಆಕ್ಸಿಸ್ ನಡುವಿನ ಕೀಲಿನಲ್ಲಿ. ಆಕ್ಸಿಸ್‌ನಿಂದ ಮುಂದಕ್ಕೆ ಚಾಚಿದ ಗೂಟವೊಂದು ಅಟ್ಲಾಸ್‌ನ ಉಂಗುರದೊಳಗೆ ಕುಳಿತಿರುತ್ತದೆ.

ಮೂರನೆಯ ಮಣಿಯಿಂದ ಮುಂದಕ್ಕೆ ಪ್ರತಿ ಮಣಿಯ ಮುಂಭಾಗ ಉಬ್ಬಾಗಿಯೂ ಹಿಂಭಾಗ ತಗ್ಗಾಗಿಯೂ ಇದೆ. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರುವುದರಿಂದ ಕತ್ತು ಸಲೀಸಾಗಿ ಬಾಗುತ್ತದೆ, ಆದರೆ ಮಣಿಗಳು ಸುಲಭವಾಗಿ ಜಾರಿಹೋಗುವುದಿಲ್ಲ. ಗಂಡು ಕೃಷ್ಣಮೃಗಗಳು ಸುರುಳಿ ಕೊಂಬುಗಳನ್ನು ಹೆಣೆದುಕೊಂಡು ಒಂದನ್ನೊಂದು ನೂಕುವಾಗ ಬೀಳುವ ಒತ್ತಡವನ್ನು ಈ ಜೋಡಣೆ ಮತ್ತು ಕತ್ತಿನ ಸ್ನಾಯುಗಳೇ ತಾಳಿಕೊಳ್ಳಬೇಕು.

ತಲೆಯ ಭಾರವನ್ನು ಹೊರುವುದರಲ್ಲಿ ಕತ್ತಿನ ಮೇಲುಬದಿಯ ಕಟ್ಟುನಾರಿನ ಪಾತ್ರ ದೊಡ್ಡದು. ಎಲಾಸ್ಟಿನ್ ಎಂಬ ಹಿಗ್ಗುವ ಪದಾರ್ಥ ಹೇರಳವಾಗಿರುವ ಈ ನಾರು ತಲೆಬುರುಡೆಯ ಹಿಂಬದಿಯಿಂದ ಹೆಗಲಿನವರೆಗೆ ಹಬ್ಬಿದೆ. ಮೇಯಲು ತಲೆ ತಗ್ಗಿಸಿದಾಗ ಅದು ಹಿಗ್ಗುತ್ತದೆ. ತಲೆ ಎತ್ತುವಾಗ ಕುಗ್ಗಿ ಸ್ನಾಯುಗಳ ಕೆಲಸವನ್ನು ಹಗುರಗೊಳಿಸುತ್ತದೆ. ಮೇಯುತ್ತಲೇ ಮೇಲಿಂದ ಮೇಲೆ ತಲೆ ಎತ್ತಿ ಸುತ್ತ ನೋಡಬೇಕಾದ ಪ್ರಾಣಿಗೆ ಇದು ಸಣ್ಣ ಉಳಿತಾಯವಲ್ಲ.

ಬೆನ್ನು ಮತ್ತು ಸೊಂಟ

ಎದೆಯ ಭಾಗದ 13 ಮಣಿಗಳಿಗೆ 13 ಜೊತೆ ಪಕ್ಕೆಲುಬುಗಳು ಸೇರಿಕೊಂಡಿವೆ. ಹೆಗಲಿನ ಬಳಿಯ ಮಣಿಗಳ ಮೇಲ್ಚಾಚುಗಳು ಎತ್ತರವಾಗಿದ್ದು ಹಿಂದಕ್ಕೆ ವಾಲಿವೆ. ಕತ್ತಿನ ಕಟ್ಟುನಾರಿಗೆ ಇವೇ ಆಧಾರ. ಹಿಂದೆ ಹೋದಂತೆ ಮೇಲ್ಚಾಚುಗಳು ಗಿಡ್ಡವಾಗುತ್ತವೆ.

ಸೊಂಟದ ಮಣಿಗಳಲ್ಲಿ ಪಕ್ಕದ ಚಾಚುಗಳು ಉದ್ದವಾಗಿ, ಚಪ್ಪಟೆಯಾಗಿವೆ. ಅವುಗಳಿಗಿಂತ ಮುಖ್ಯವಾದುದು ಮಣಿಗಳ ಮೇಲುಭಾಗದ ಕೀಲುಗಳ ಆಕಾರ. ಹಿಂದಿನ ಮಣಿಯ ಕೀಲು ಮುಂದಿನ ಮಣಿಯ ಕೀಲನ್ನು ಕೊಕ್ಕೆಯಂತೆ ತಬ್ಬಿಕೊಂಡಿದೆ. ಇದರಿಂದ ಸೊಂಟ ತಿರುಚುವುದೂ ಪಕ್ಕಕ್ಕೆ ವಾಲುವುದೂ ಬಹಳ ಕಡಿಮೆ.

ಓಟ ಮತ್ತು ನೆಗೆತ

ಕೃಷ್ಣಮೃಗ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡಬಲ್ಲದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ವೇಗದ ಪ್ರಾಣಿಯ ಬೆನ್ನು ಬಿಲ್ಲಿನಂತೆ ಬಾಗಲೇಬೇಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿದೆ. ಚೀತಾದ ವಿಷಯದಲ್ಲಿ ಅದು ನಿಜ: ಅದು ಬೆನ್ನನ್ನು ಮಡಿಸಿ ಬಿಚ್ಚಿ ಹೆಜ್ಜೆಯನ್ನು ಉದ್ದಗೊಳಿಸುತ್ತದೆ. ಆದರೆ ಸಾಕಿ ಪಳಗಿಸಿದ ಚೀತಾಗಳಿಂದ ರಾಜಮನೆತನಗಳವರು ಬೇಟೆಯಾಡಿಸುತ್ತಿದ್ದ ಕೃಷ್ಣಮೃಗದ ಬೆನ್ನು ತೊಲೆಯಂತೆ ಬಿಗಿಯಾದುದು. ಅದರ ಬಾಗುವಿಕೆ ಹೆಚ್ಚಾಗಿ ನಡೆಯುವುದು ಕೊನೆಯ ಸೊಂಟಮಣಿ ಮತ್ತು ತ್ರಿಕಾಸ್ಥಿಯ ನಡುವೆ. ಹಿಂಗಾಲುಗಳ ತಳ್ಳುವಿಕೆ ತ್ರಿಕಾಸ್ಥಿಯ ಮೂಲಕ ಬೆನ್ನಿಗೆ ತಲುಪುತ್ತದೆ. ಬೆನ್ನು ಬಿಗಿಯಾಗಿರುವುದರಿಂದ ಆ ಬಲ ಅಡ್ಡದಾರಿಯಲ್ಲಿ ಸೋರಿಹೋಗದೆ ದೇಹವನ್ನು ಮುಂದಕ್ಕೆ ಒಯ್ಯುತ್ತದೆ. ಗಾಬರಿಗೊಂಡಾಗ ನಾಲ್ಕೂ ಕಾಲುಗಳಲ್ಲಿ ಮೇಲಕ್ಕೆ ಪುಟಿಯುವ ನೆಗೆತಕ್ಕೂ ಇಂತಹ ಬೆನ್ನು ಅನುಕೂಲ.

ಇದೇ ಪ್ರಾಣಿ ಬೆದರಿ ಬೇಲಿಗೋ ಗೋಡೆಗೋ ಪೂರ್ಣ ವೇಗದಲ್ಲಿ ಗುದ್ದಿದರೆ ಕತ್ತಿನ ಅಥವಾ ಬೆನ್ನಿನ ಮಣಿ ಮುರಿಯಬಹುದು. ಮಣಿಗಳ ರಂಧ್ರಗಳಲ್ಲಿ ಹಾಯುವ ಬೆನ್ನುಹುರಿಗೆ ಪೆಟ್ಟಾದರೆ ಹಿಂಗಾಲುಗಳ ಸ್ವಾಧೀನ ತಪ್ಪುತ್ತದೆ. ಕಾಡುಪ್ರಾಣಿಗೆ ಅದು ಸಾವಿಗೆ ಸಮಾನ. ಹೊಲಕ್ಕೆ ಬಂದ ಕೃಷ್ಣಮೃಗಗಳನ್ನು ಬೇಲಿಯ ಕಡೆಗೆ ಅಟ್ಟಬಾರದೆಂಬುದಕ್ಕೆ ಇದೂ ಒಂದು ಕಾರಣ.

ಗುರುತಿಸುವಿಕೆ

ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿದ್ದು, ಅದರ ಬೇಟೆ ಅಪರಾಧ. ಕೊಂಬು ಅಥವಾ ತಲೆಬುರುಡೆ ಸಿಕ್ಕರೆ ಗುರುತಿಸುವುದು ಸುಲಭ. ಬೆನ್ನುಮೂಳೆಯ ತುಣುಕುಗಳು ಮಾತ್ರ ಸಿಕ್ಕಾಗ ತೊಡಕಾಗುತ್ತದೆ; ಏಕೆಂದರೆ ಆಡು, ಕುರಿಗಳ ಮಣಿಗಳೂ ಗಾತ್ರದಲ್ಲಿ, ಆಕಾರದಲ್ಲಿ ಇವನ್ನೇ ಹೋಲುತ್ತವೆ. ಧೋಲಾವೀರ, ಮೆಹರ್‌ಗಢಗಳಂತಹ ಪ್ರಾಚೀನ ನೆಲೆಗಳ ಎಲುಬುಗಳನ್ನು ವಿಂಗಡಿಸುವ ಪುರಾತತ್ತ್ವಜ್ಞರಿಗೂ ಇದೇ ತೊಡಕು. ಕಳ್ಳಬೇಟೆಯ ಪ್ರಕರಣಗಳಲ್ಲಿ ಎಲುಬು ಅಥವಾ ಮಾಂಸದಿಂದ ಡಿಎನ್‌ಎ ತೆಗೆದು ಪರೀಕ್ಷಿಸಿ ಪ್ರಾಣಿ ಯಾವುದೆಂದು ಖಚಿತಪಡಿಸಲಾಗುತ್ತದೆ. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ಪ್ರಯೋಗಾಲಯದಲ್ಲಿ ಇಂತಹ ಪರೀಕ್ಷೆಗಳು ನಡೆಯುತ್ತವೆ.